ಇಂಗ್ಲಿಷ್ ಸಾಹಿತ್ಯದ ಡಿಗ್ರಿಯಲ್ಲಿ ನಿಜವಾಗಿ ಏನು ಕಲಿಯುತ್ತೇವೆ?

ಇಂಗ್ಲಿಷ್ ಸಾಹಿತ್ಯದಲ್ಲಿ ಡಿಗ್ರಿ ಮಾಡುತ್ತೇನೆ ಅಂದರೆ ಎರಡು ಮಾತು ಕೇಳಿಬರುತ್ತವೆ. 'ಹಾಗಾದ್ರೆ ಇಂಗ್ಲಿಷ್ ಚೆನ್ನಾಗಿ ಮಾತಾಡೋಕೆ ಬರುತ್ತೆ ಬಿಡು' ಎನ್ನುವುದು ಒಂದು. 'ಕಥೆ, ಕಾದಂಬರಿ ಓದೋಕೆ ಇಷ್ಟು ವರ್ಷ ಕಾಲೇಜಿಗೆ ಯಾಕೆ ಹೋಗಬೇಕು? ಮನೇಲೇ ಓದಬಹುದಲ್ವಾ?' ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಇದು ಮಾತಾಡುವ ಇಂಗ್ಲಿಷ್ ಕಲಿಸುವ ಕೋರ್ಸ್ ಅಲ್ಲ. ಓದುತ್ತಾ ಓದುತ್ತಾ ಭಾಷೆ ಪಳಗುತ್ತದೆ, ನಿಜ. ಆದರೆ ಓದಿನ ಗುರಿ ಅದಲ್ಲ. ಎರಡನೆಯದು ಮಾತ್ರ ತುಂಬಾ ಒಳ್ಳೆಯ ಪ್ರಶ್ನೆ. ಈ ಓದನ್ನು ಪ್ರೀತಿಯಿಂದ ಓದಿದವಳಾಗಿ ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಅಂತ ಬಹಳ ದಿನದಿಂದ ನನಗೆ ಆಸೆ.

ಒಂದು ಕವಿತೆಯಿಂದ ಶುರು ಮಾಡುತ್ತೇನೆ. ವಿಲಿಯಂ ಬ್ಲೇಕ್ 1794ರಲ್ಲಿ ಪ್ರಕಟಿಸಿದ 'ಲಂಡನ್'. ಬರೀ 16 ಸಾಲು. ಒಬ್ಬ ಮನುಷ್ಯ ಲಂಡನ್ನಿನ ಬೀದಿಗಳಲ್ಲಿ ನಡೆಯುತ್ತಿದ್ದಾನೆ. ಎದುರಾದ ಮುಖಗಳಲ್ಲೆಲ್ಲ ನೋವು ಕಾಣುತ್ತದೆ, ಎಲ್ಲ ಕಡೆಯಿಂದಲೂ ಅಳು ಕೇಳಿಸುತ್ತದೆ. ಕಥೆ ಅಂದರೆ ಇಷ್ಟೇ. ಮನೆಯಲ್ಲಿ ಓದಿದರೆ ಎರಡು ನಿಮಿಷ ಸಾಕು. 'ಪಾಪ, ಬಡವರ ಕಷ್ಟ ಬರೆದಿದ್ದಾನೆ' ಅಂದುಕೊಂಡು ಪುಟ ತಿರುಗಿಸುತ್ತೇವೆ.

ತರಗತಿಯಲ್ಲಿ ಅದೇ ಕವಿತೆಗೆ ಒಂದು ಗಂಟೆ ಹಿಡಿಯುತ್ತದೆ. ಮೊದಲ ಸಾಲಿನಲ್ಲಿ ಬೀದಿಗೆ ಒಂದು ವಿಶೇಷಣ ಇದೆ: 'ಚಾರ್ಟರ್ಡ್'. ಎರಡನೇ ಸಾಲಿನಲ್ಲಿ ಥೇಮ್ಸ್ ನದಿಗೂ ಅದೇ ವಿಶೇಷಣ. ಚಾರ್ಟರ್ ಅಂದರೆ ಸನ್ನದು. ಒಂದು ನಗರಕ್ಕೋ ಕಂಪನಿಗೋ ಹಕ್ಕುಗಳನ್ನು ಬರೆದುಕೊಡುವ ಪತ್ರ. ಬೀದಿಗೆ ಸನ್ನದು ಇರಬಹುದು. ಹರಿಯುವ ನದಿಗೂ ಸನ್ನದು ಅಂದರೆ ಏನರ್ಥ? ಇಲ್ಲಿ ಒಂದು ಸಂಗತಿ ತಿಳಿದರೆ ಕವಿತೆ ಬೇರೆಯೇ ಆಗುತ್ತದೆ. ಬ್ಲೇಕ್‌ನ ಕೈಬರಹದ ನೋಟ್‌ಬುಕ್ ಉಳಿದುಕೊಂಡಿದೆ. ಅದರಲ್ಲಿ ಮೊದಲು ಬರೆದದ್ದು 'ಡರ್ಟಿ' ಬೀದಿ, 'ಡರ್ಟಿ' ಥೇಮ್ಸ್. ಆಮೇಲೆ ಅದನ್ನು ತೆಗೆದು 'ಚಾರ್ಟರ್ಡ್' ಅಂತ ಮಾಡಿದ್ದಾನೆ.

ಯಾಕೆ? ಕೊಳಕು ತಾನಾಗಿಯೇ ಸೇರುತ್ತದೆ, ಅದಕ್ಕೆ ಇಂಥವರೇ ಹೊಣೆ ಅನ್ನೋಕಾಗಲ್ಲ. ಸನ್ನದಿಗೆ ಮಾತ್ರ ಯಾರೋ ಸಹಿ ಹಾಕಿರುತ್ತಾರೆ. ಒಂದು ಪದ ಬದಲಾಗಿದ್ದಕ್ಕೆ ಕವಿತೆ ಮರುಕದಿಂದ ಆರೋಪಕ್ಕೆ ತಿರುಗಿತು. ಅದೇ ಹೊತ್ತಿಗೆ ಥಾಮಸ್ ಪೇನ್ 'ರೈಟ್ಸ್ ಆಫ್ ಮ್ಯಾನ್' ಎಂಬ ಪುಸ್ತಕದಲ್ಲಿ ಸನ್ನದುಗಳ ಬಗ್ಗೆ ಒಂದು ವಾದ ಹೂಡಿದ್ದ. ಸನ್ನದು ಹಕ್ಕು ಕೊಡುತ್ತದೆ ಅನ್ನುವುದೇ ತಪ್ಪು, ಕೆಲವರಿಗೆ ಕೊಟ್ಟ ಹೆಸರಿನಲ್ಲಿ ಉಳಿದವರಿಂದ ಅದು ಹಕ್ಕು ಕಿತ್ತುಕೊಳ್ಳುತ್ತದೆ ಎಂಬುದು ಅವನ ವಾದ. ಅಂದರೆ ಆ ಪದ ಆ ಕಾಲದ ರಾಜಕೀಯ ಜಗಳದ ನಡುವಿನಿಂದ ಎದ್ದು ಬಂದಿತ್ತು. ಈಗ ಎರಡನೇ ಪದ್ಯಕ್ಕೆ ಬನ್ನಿ. 'ಎವೆರಿ' ಎಂಬ ಪದ ಅಲ್ಲಿ ಮೂರೇ ಸಾಲಿನಲ್ಲಿ ಐದು ಸಲ ಬರುತ್ತದೆ. ಪ್ರತಿ ಅಳು, ಪ್ರತಿ ಮನುಷ್ಯ, ಪ್ರತಿ ಮಗು, ಪ್ರತಿ ದನಿ, ಪ್ರತಿ ನಿಷೇಧ. ತಪ್ಪಿಸಿಕೊಳ್ಳಲು ಒಂದು ಸಂದಿಯೂ ಇಲ್ಲ ಅನ್ನುವುದನ್ನು ಕವಿತೆ ಬಾಯಿಬಿಟ್ಟು ಹೇಳುವುದಿಲ್ಲ. ಓದುವವರ ಕಿವಿಗೆ ಬಡಿಯುವ ಹಾಗೆ ಮಾಡುತ್ತದೆ.

ಇದೇ ಈ ಡಿಗ್ರಿಯ ಜೀವಾಳ. ಓದಿದಾಗ ನಮಗೆ ಏನೋ ಅನಿಸುತ್ತದೆ. ಆ ಅನಿಸಿಕೆ ಹುಟ್ಟಿದ್ದು ಪುಟದ ಮೇಲಿನ ಯಾವ ಪದದಿಂದ ಅಂತ ಹುಡುಕುವುದು, ಹುಡುಕಿದ್ದನ್ನು ಇನ್ನೊಬ್ಬರು ಒಪ್ಪುವ ಹಾಗೆ ತೋರಿಸುವುದು. ಉಳಿದದ್ದೆಲ್ಲ ಇದರ ಸುತ್ತ ಬೆಳೆದ ಕೊಂಬೆ ರೆಂಬೆ.

ಹೀಗೆ ನಿಧಾನವಾಗಿ ಓದುವುದಕ್ಕೆ ಕ್ಲೋಸ್ ರೀಡಿಂಗ್ ಅನ್ನುತ್ತಾರೆ. ಇದು ಪಾಠವಾಗಿ ಬೆಳೆದ ಹಿಂದೆ ಒಂದು ಪ್ರಯೋಗ ಇದೆ. 1920ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಐ. ಎ. ರಿಚರ್ಡ್ಸ್ ಎಂಬ ಮೇಷ್ಟ್ರು ವಿದ್ಯಾರ್ಥಿಗಳ ಕೈಗೆ ಕವಿತೆಗಳನ್ನು ಕೊಡುತ್ತಿದ್ದರು. ಕವಿಯ ಹೆಸರಿಲ್ಲ, ಕಾಲವೂ ಗೊತ್ತಿಲ್ಲ. ಅನಿಸಿದ್ದನ್ನು ಬರೆದು ತನ್ನಿ ಅಷ್ಟೇ. ಬಂದ ಉತ್ತರಗಳನ್ನು 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಎಂಬ ಪುಸ್ತಕದಲ್ಲಿ ಬಿಡಿಸಿಟ್ಟರು. ಚೆನ್ನಾಗಿ ಓದಿಕೊಂಡ ಹುಡುಗ ಹುಡುಗಿಯರೇ ಸಾಲುಗಳ ನೇರ ಅರ್ಥ ತಪ್ಪಿದ್ದರು. ಡನ್, ಹಾಪ್ಕಿನ್ಸ್ ಅವರಂಥ ದೊಡ್ಡ ಕವಿಗಳನ್ನು ತಳ್ಳಿಹಾಕಿದ್ದರು, ಸಾಧಾರಣ ಪದ್ಯಗಳನ್ನು ಹೊಗಳಿದ್ದರು. ಹೆಸರು ಕಾಣದಿದ್ದರೆ ನಮ್ಮ ಮೆಚ್ಚುಗೆ ಎಷ್ಟು ಗಟ್ಟಿ ಅನ್ನುವುದು ಅಲ್ಲಿ ಬಯಲಾಯಿತು. ಇವತ್ತಿಗೂ ಬಹಳ ಕಡೆ ಪರೀಕ್ಷೆಯಲ್ಲಿ ಮೊದಲು ಕಾಣದ ಒಂದು ಕವಿತೆಯನ್ನೋ ಗದ್ಯದ ತುಣುಕನ್ನೋ ಕೊಟ್ಟು ವಿವರಿಸಿ ಅನ್ನುತ್ತಾರೆ. ಅದರ ಬೇರು ಇಲ್ಲಿದೆ.

ಸಿಲೆಬಸ್ ನೋಡಿದರೆ ಮೊದಲು ಗಾಬರಿಯಾಗುತ್ತದೆ. ಸಾವಿರ ವರ್ಷಕ್ಕೂ ಹಳೆಯ ಸಾಹಿತ್ಯ ಅದು. ಶುರುವಿನಲ್ಲಿ 'ಬೇವುಲ್ಫ್' ಇರುತ್ತದೆ, 3182 ಸಾಲುಗಳ ವೀರಕಾವ್ಯ. ನಮಗೆ ಉಳಿದಿರುವ ಅದರ ಒಂದೇ ಹಸ್ತಪ್ರತಿ ಸುಮಾರು 1000ನೇ ಇಸವಿಯದು. ಅದರ ಭಾಷೆ ಇಂದಿನ ಇಂಗ್ಲಿಷ್ ಬಲ್ಲವರಿಗೆ ಹೆಚ್ಚುಕಡಿಮೆ ಅರ್ಥವೇ ಆಗುವುದಿಲ್ಲ. ಹಳಗನ್ನಡ ನಮಗೆ ಎಷ್ಟು ದೂರವೋ ಅದಕ್ಕಿಂತಲೂ ದೂರ. ಹಳಗನ್ನಡದಲ್ಲಿ ಅಲ್ಲೊಂದು ಇಲ್ಲೊಂದು ಪದ ಕೈಗೆ ಸಿಗುತ್ತದೆ, ಇಲ್ಲಿ ಅದೂ ಅಪರೂಪ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಒಳಬಂದವು, ಭಾಷೆಯ ರೂಪವೇ ಬದಲಾಯಿತು. 1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಹೊತ್ತಿಗೆ ಸ್ವಲ್ಪ ಕಷ್ಟಪಟ್ಟರೆ ಓದಬಹುದಾದ ಇಂಗ್ಲಿಷ್ ಬಂದಿತ್ತು. ಅಲ್ಲಿಂದ ಶೇಕ್ಸ್‌ಪಿಯರ್, ಮಿಲ್ಟನ್, 18ನೇ ಶತಮಾನದ ಕಾದಂಬರಿ, ರೊಮ್ಯಾಂಟಿಕ್ ಕವಿಗಳು, ವಿಕ್ಟೋರಿಯನ್ ಕಾಲ, 1922ರ ಆಸುಪಾಸಿನ ಆಧುನಿಕರು, ಆಮೇಲೆ ಆಫ್ರಿಕಾ, ಕೆರಿಬಿಯನ್, ಭಾರತ ಹೀಗೆ ಎಲ್ಲೆಡೆಯ ಇಂಗ್ಲಿಷ್ ಬರಹ.

ಎಲ್ಲವನ್ನೂ ಪೂರ್ತಿ ಓದಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಮನಸ್ಸಿಗೆ ಹಗುರ. ಕಾಲದ ಕ್ರಮ ಕಲಿಯುವುದು ಇಸವಿ ಬಾಯಿಪಾಠ ಮಾಡುವುದಕ್ಕಲ್ಲ. ಒಂದು ಪದ ಆ ಕಾಲದಲ್ಲಿ ಏನು ಹೇಳುತ್ತಿತ್ತು ಅಂತ ತಿಳಿಯುವುದಕ್ಕೆ. 'ನೈಸ್' ಅಂದರೆ ಒಂದು ಕಾಲದಲ್ಲಿ ಮೂರ್ಖ. 'ಸಿಲ್ಲಿ' ಅಂದರೆ ದೇವರ ಆಶೀರ್ವಾದ ಪಡೆದವನು. ಹೀಗಾಗಿ ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟು ಈ ಓದಿನಲ್ಲಿ ಆಪ್ತ ಗೆಳೆಯನಂತೆ ಜೊತೆಗಿರುತ್ತದೆ. 1928ರಲ್ಲಿ ಮೊದಲ ಆವೃತ್ತಿ ಪೂರ್ಣಗೊಂಡ ಈ ನಿಘಂಟು ಒಂದೊಂದು ಪದದ ಅರ್ಥವೂ ಕಾಲದಿಂದ ಕಾಲಕ್ಕೆ ಹೇಗೆ ಸರಿಯಿತು ಅಂತ ಉದಾಹರಣೆ ಸಮೇತ ತೋರಿಸುತ್ತದೆ. ಗೊತ್ತಿಲ್ಲದ ಪದಕ್ಕಿಂತ ಗೊತ್ತು ಅಂದುಕೊಂಡ ಪದವನ್ನೇ ಅದರಲ್ಲಿ ಮೊದಲು ನೋಡಿ.

ಛಂದಸ್ಸಿನ ವಿಷಯಕ್ಕೆ ಬಂದರೆ ಕನ್ನಡದವರಿಗೆ ಒಂದು ಸಣ್ಣ ತೊಡಕು ಇದೆ. ನಮ್ಮ ಛಂದಸ್ಸು ಲಘು, ಗುರು ನೋಡುತ್ತದೆ. ಅಂದರೆ ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಲೆಕ್ಕ. ಇಂಗ್ಲಿಷ್ ಛಂದಸ್ಸು ಯಾವ ಅಕ್ಷರಕ್ಕೆ ಒತ್ತು ಬೀಳುತ್ತದೆ ಅಂತ ನೋಡುತ್ತದೆ. ಅಯಾಂಬಿಕ್ ಪೆಂಟಾಮೀಟರ್ ಎಂಬ ಹೆಸರು ಕೇಳಿ ಹೆದರಬೇಡಿ. ಒತ್ತಿಲ್ಲದ್ದು ಒಂದು, ಒತ್ತಿರುವುದು ಒಂದು, ಹೀಗೆ ಐದು ಜೋಡಿ. ಟ-ಡಂ, ಟ-ಡಂ, ಟ-ಡಂ, ಟ-ಡಂ, ಟ-ಡಂ. ಶೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಬಹುಪಾಲು ಪದ್ಯದ ಸಾಲುಗಳು ಈ ನಡಿಗೆಯವು.

ನಡಿಗೆ ಗೊತ್ತಿದ್ದರೆ ಅದು ಮುರಿದಾಗ ಗೊತ್ತಾಗುತ್ತದೆ. 'ಕಿಂಗ್ ಲಿಯರ್' ನಾಟಕದ ಕೊನೆ. ಮುದುಕ ರಾಜ ಸತ್ತ ಮಗಳನ್ನು ನೋಡುತ್ತಾ, ನೀನಿನ್ನು ಮತ್ತೆ ಬರುವುದಿಲ್ಲ ಅನ್ನುತ್ತಾನೆ. ಆಮೇಲೆ ಒಂದೇ ಪದ, ಐದು ಸಲ: ನೆವರ್, ನೆವರ್, ನೆವರ್, ನೆವರ್, ನೆವರ್. 1623ರ ಮುದ್ರಣದಲ್ಲಿ ಸಾಲು ಹೀಗಿದೆ. 'ನೆವರ್' ಪದದಲ್ಲಿ ಒತ್ತು ಮೊದಲ ಅಕ್ಷರಕ್ಕೆ. ಐದು ಜೋಡಿ ಇವೆ, ಲೆಕ್ಕ ಸರಿಯಾಗಿಯೇ ಇದೆ. ಆದರೆ ಐದೂ ತಲೆಕೆಳಗು. ಡಂ-ಟ, ಡಂ-ಟ. ಇಡೀ ನಾಟಕ ನಡೆದು ಬಂದ ಲಯ ಆ ಸಾಲಿನಲ್ಲಿ ಮಗುಚಿ ಬೀಳುತ್ತದೆ. ಜೋರಾಗಿ ಓದಿ ನೋಡಿ. ಛಂದಸ್ಸು ಕಲಿಯುವುದು ಯಾಕೆ ಅಂತ ನನಗೆ ಅರ್ಥವಾದದ್ದು ಈ ಸಾಲಿನಿಂದ. ಅವತ್ತು ನನಗೆ ಕಣ್ಣು ತುಂಬಿ ಬಂದಿತ್ತು.

ಇನ್ನು ಬರವಣಿಗೆ. ಈ ಡಿಗ್ರಿಯಲ್ಲಿ ಅಂಕ ಬರುವುದು ಜಾಸ್ತಿ ಪ್ರಬಂಧಗಳಿಂದ. ಹೊಸಬರು ಎಡವುವುದೂ ಇಲ್ಲೇ. ಶಾಲೆಯಲ್ಲಿ ಸಾರಾಂಶ ಬರೆದು ಬರೆದು ಅಭ್ಯಾಸ ಆಗಿರುತ್ತದೆ. ಕಥೆಯಲ್ಲಿ ಏನಾಯಿತು, ಪಾತ್ರ ಒಳ್ಳೆಯದೋ ಕೆಟ್ಟದೋ, ನೀತಿ ಏನು. ಇಲ್ಲಿ ಅದು ನಡೆಯುವುದಿಲ್ಲ. ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ಬಗ್ಗೆ 'ಲೇಡಿ ಮ್ಯಾಕ್‌ಬೆತ್ ಅಧಿಕಾರದ ಆಸೆಯಿರುವ ಹೆಂಗಸು' ಎಂಬ ವಾಕ್ಯದಿಂದ ಪ್ರಬಂಧ ಶುರು ಮಾಡಿದರೆ ಮುಂದೆ ಬರೆಯಲು ಏನೂ ಇರುವುದಿಲ್ಲ. ಯಾಕೆಂದರೆ ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಯಾರೂ ಅಲ್ಲಗಳೆಯದ ಮಾತಿಗೆ ಸಾಕ್ಷಿ ಯಾಕೆ ಬೇಕು?

ಈಗ ಅದೇ ನಾಟಕವನ್ನು ಕಣ್ಣಿಟ್ಟು ಓದಿ. ಮೊದಲ ಅಂಕದ ಐದನೇ ದೃಶ್ಯದಲ್ಲಿ ರಾಜನನ್ನು ಕೊಲ್ಲುವ ಯೋಜನೆಯನ್ನು ಲೇಡಿ ಮ್ಯಾಕ್‌ಬೆತ್ ಈ ರಾತ್ರಿಯ 'ಬಿಸಿನೆಸ್' ಅನ್ನುತ್ತಾಳೆ. ಏಳನೇ ದೃಶ್ಯದಲ್ಲಿ ಹಿಂಜರಿದ ಗಂಡ, ಈ 'ಬಿಸಿನೆಸ್' ಮುಂದುವರಿಸೋದು ಬೇಡ ಅನ್ನುತ್ತಾನೆ. ಅದೇ ದೃಶ್ಯದ ಆರಂಭದಲ್ಲಿ ಅವನು ಒಬ್ಬನೇ ಯೋಚಿಸುವಾಗಲೂ ಕೊಲೆಯನ್ನು ಮೊದಲು 'ಅದು' ಎಂದಷ್ಟೇ ಕರೆಯುತ್ತಾನೆ. ಇಲ್ಲಿಂದ ಒಂದು ವಾದ ಹುಟ್ಟುತ್ತದೆ: ಗಂಡ ಹೆಂಡತಿ ಕೊಲೆಗೆ ಒಂದು ಸಾಧಾರಣ ಹೆಸರಿಟ್ಟುಕೊಂಡದ್ದರಿಂದಲೇ ಅದನ್ನು ಮಾಡಲು ಅವರಿಗೆ ಸಾಧ್ಯವಾಯಿತು. ಇದನ್ನು ಒಬ್ಬರು ಒಪ್ಪಬಹುದು, ಇನ್ನೊಬ್ಬರು 'ಇಲ್ಲ, ಲೇಡಿ ಮ್ಯಾಕ್‌ಬೆತ್ ಒಬ್ಬಳೇ ಇದ್ದಾಗ ಎಷ್ಟು ನೇರವಾಗಿ ಮಾತಾಡುತ್ತಾಳೆ ನೋಡಿ' ಅನ್ನಬಹುದು. ಆಗ ನೀವು ನಾಟಕಕ್ಕೆ ಮರಳಬೇಕು, ಅವಳು ಒಬ್ಬಳೇ ಇದ್ದಾಗಿನ ಮಾತು ಮತ್ತು ಗಂಡನ ಎದುರಿನ ಮಾತು ಹೋಲಿಸಬೇಕು. ಆ ಕಾಲದಲ್ಲಿ 'ಬಿಸಿನೆಸ್' ಅಂದರೆ ವ್ಯಾಪಾರಕ್ಕಿಂತ ಹೆಚ್ಚಾಗಿ ಕೈಯಲ್ಲಿರುವ ಕೆಲಸ ಎಂಬ ಅರ್ಥ ಇತ್ತು ಎಂದು ನಿಘಂಟು ನೋಡಿ ಎಚ್ಚರಪಡಬೇಕು. ಎದುರು ವಾದಕ್ಕೆ ಜಾಗ ಇರುವ ಮಾತು, ಅದಕ್ಕೆ ಪಠ್ಯದೊಳಗಿನ ಸಾಕ್ಷಿ, ಎದುರು ವಾದವನ್ನು ಮುಚ್ಚಿಡದೆ ಎದುರಿಸುವ ಪ್ರಾಮಾಣಿಕತೆ. ಮೇಷ್ಟ್ರುಗಳು ನಿಮ್ಮ ಪ್ರಬಂಧದಲ್ಲಿ ಹುಡುಕುವುದು ಇದನ್ನೇ. ಅಲಂಕಾರದ ಇಂಗ್ಲಿಷನ್ನಲ್ಲ.

ಆದರೆ ಪುಟದ ಮೇಲಿನ ಪದ ಅಷ್ಟೇ ಸಾಕಾ? ಸಾಲದು ಅಂತ ಒಂದು ದೊಡ್ಡ ಗುಂಪು ವಾದಿಸಿತು. ಥಿಯರಿ ಎಂಬ ಪೇಪರ್ ಬರುವುದು ಇಲ್ಲಿ. ಎರಡನೇ ವರ್ಷದ ವಿದ್ಯಾರ್ಥಿಗಳು ಜಾಸ್ತಿ ಕಂಗಾಲಾಗುವುದೂ ಇಲ್ಲೇ. ಪರಿಭಾಷೆಯ ಭಾರಕ್ಕೆ ಹೆದರಿ ಅದನ್ನು ಬಿಟ್ಟುಬಿಡಬೇಡಿ. ಒಂದೊಂದು ಥಿಯರಿಯೂ ಮೂಲದಲ್ಲಿ, ಅದುವರೆಗೆ ಯಾರೂ ಕೇಳದ ಒಂದು ಪ್ರಶ್ನೆ, ಅಷ್ಟೇ.

'ಜೇನ್ ಐರ್' ತೆಗೆದುಕೊಳ್ಳಿ, 1847ರ ಕಾದಂಬರಿ. ತಂದೆ ತಾಯಿ ಇಲ್ಲದ ಜೇನ್ ಮನೆಪಾಠದ ಕೆಲಸಕ್ಕೆ ಬರುತ್ತಾಳೆ, ಮನೆಯ ಯಜಮಾನ ರಾಚೆಸ್ಟರ್‌ನನ್ನು ಪ್ರೀತಿಸುತ್ತಾಳೆ. ಮದುವೆಯ ದಿನ ಗೊತ್ತಾಗುತ್ತದೆ, ಅವನ ಮೊದಲ ಹೆಂಡತಿ ಬರ್ತಾ ಅದೇ ಮನೆಯ ಮೇಲಂತಸ್ತಿನಲ್ಲಿ ಬಂಧಿಯಾಗಿದ್ದಾಳೆ, ಹುಚ್ಚಿ ಅನ್ನುತ್ತಾರೆ. ಬಹಳ ಕಾಲ ಓದುಗರು ಜೇನ್‌ಳ ಜೊತೆ ನಿಂತು ಈ ಕಥೆ ಓದಿದರು. ಸಹಜವೇ, ಕಥೆ ಹೇಳುತ್ತಿರುವವಳು ಅವಳು. ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ಬೇರೆ ಪ್ರಶ್ನೆ ಕೇಳಿದರು: ಮೇಲೆ ಕೂಡಿಹಾಕಿದವಳ ಕಥೆ ಏನು? ಅದಕ್ಕೆ ಉತ್ತರವಾಗಿ 'ವೈಡ್ ಸಾರ್ಗಾಸೋ ಸೀ' ಎಂಬ ಕಾದಂಬರಿಯನ್ನೇ ಬರೆದರು. ಅಲ್ಲಿ ಅವಳ ಹೆಸರು ಆಂಟ್ವನೆಟ್. ಬರ್ತಾ ಎಂಬುದು ಗಂಡ ಹೇರಿದ ಹೆಸರು.

ಆಮೇಲೆ 1979ರಲ್ಲಿ ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬಾರ್ ಎಂಬ ಸ್ತ್ರೀವಾದಿ ವಿಮರ್ಶಕಿಯರು ಬರ್ತಾ ಅಂದರೆ ಜೇನ್‌ಳದೇ ಅದುಮಿಟ್ಟ ಸಿಟ್ಟು ಅಂತ ಓದಿದರು. 1985ರಲ್ಲಿ ಗಾಯತ್ರಿ ಸ್ಪಿವಾಕ್ ಆ ಓದನ್ನೂ ತಡೆದು ನಿಲ್ಲಿಸಿದರು. ಒಬ್ಬ ಇಂಗ್ಲಿಷ್ ಹೆಣ್ಣು ತನ್ನ ಕಾಲ ಮೇಲೆ ನಿಲ್ಲಲು ವಸಾಹತಿನ ಹೆಣ್ಣೊಬ್ಬಳು ಮನೆಗೆ ಬೆಂಕಿಯಿಟ್ಟು ಸಾಯಬೇಕಾಯಿತಲ್ಲ, ಅದನ್ನು ಯಾಕೆ ನೋಡುತ್ತಿಲ್ಲ ಎಂಬುದು ಅವರ ಪ್ರಶ್ನೆಯ ತಿರುಳು. ಹಣದ ಕಡೆಯಿಂದ ಓದುವವರು ಇನ್ನೊಂದು ಕಡೆ ಬೆರಳು ತೋರಿಸುತ್ತಾರೆ. ಬರ್ತಾಳ ಜೊತೆ ರಾಚೆಸ್ಟರ್‌ಗೆ ಬಂದ ವರದಕ್ಷಿಣೆ 30,000 ಪೌಂಡ್. ಅವಳ ತಂದೆ ಜಮೈಕಾದ ತೋಟಗಳ ಒಡೆಯ. ಗುಲಾಮಗಿರಿ ರದ್ದುಪಡಿಸುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1833ರಲ್ಲಿ. ಹಾಗಾದರೆ ಆ ಹಣ ಯಾರ ಬೆವರಿನದು?

ಪುಸ್ತಕ ಅದೇ, ಒಂದು ಅಕ್ಷರ ಬದಲಾಗಿಲ್ಲ. ಹೊಸ ಪ್ರಶ್ನೆ ಬಂದ ಹಾಗೆಲ್ಲ ಅದರ ಇನ್ನೊಂದು ಕೋಣೆಗೆ ಬೆಳಕು ಬಿತ್ತು. ಇಷ್ಟಾದ ಮೇಲೂ ಪುಟಕ್ಕೆ ಮರಳಲೇಬೇಕು. ಬರ್ತಾಳ ಬಾಯಿಂದ ಒಂದು ಮಾತನ್ನೂ ನಾವು ನೇರವಾಗಿ ಕೇಳುವುದಿಲ್ಲ ಎಂಬುದು ಪುಟದ ಮೇಲೆ ಪರೀಕ್ಷಿಸಬಹುದಾದ ಸಂಗತಿ. ಥಿಯರಿ ಕಲಿತ ಉತ್ಸಾಹದಲ್ಲಿ ಪದಗಳನ್ನು ಬಿಟ್ಟು ಹಾರುವ ಪ್ರಬಂಧಗಳನ್ನು ನಾನು ಬಹಳ ಓದಿದ್ದೇನೆ. ಅವು ಗಾಳಿಪಟದ ದಾರ ಕಡಿದ ಹಾಗೆ.

ಯಾವ ಪುಸ್ತಕಗಳನ್ನು ಓದಬೇಕು ಅನ್ನುವುದೂ ಈ ಓದಿನೊಳಗಿನ ಜಗಳವೇ. ಇಂಗ್ಲಿಷ್ ಸಾಹಿತ್ಯ ವಿಶ್ವವಿದ್ಯಾಲಯದ ವಿಷಯವಾಗಿ ಹಳೆಯದೇನಲ್ಲ. ಆಕ್ಸ್‌ಫರ್ಡ್‌ನಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗ ಶುರುವಾದದ್ದು 1894ರಲ್ಲಿ, ಕೇಂಬ್ರಿಡ್ಜ್‌ನಲ್ಲಿ ಡಿಗ್ರಿಯ ಹೊಸ ರೂಪ ಬಂದದ್ದು 1917ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ವಸಾಹತು ಭಾರತದ ಕಾಲೇಜುಗಳಲ್ಲಿ ಇದನ್ನು ಕಲಿಸುತ್ತಿದ್ದರು. ಆಳುವವರ ಮೇಲೆ ಗೌರವ ಹುಟ್ಟಿಸುವ ಕೆಲಸವನ್ನು ಆ ಪಾಠ ಮಾಡಿತು ಅಂತ ಗೌರಿ ವಿಶ್ವನಾಥನ್ 1989ರ ತಮ್ಮ ಪುಸ್ತಕದಲ್ಲಿ ದಾಖಲೆ ಸಮೇತ ವಾದಿಸಿದರು. 1968ರಲ್ಲಿ ಕೀನ್ಯಾದ ನೈರೋಬಿ ಯೂನಿವರ್ಸಿಟಿ ಕಾಲೇಜಿನಲ್ಲಿ ಲೇಖಕ ಗೂಗಿ ವಾ ಥಿಯಾಂಗೊ ಮತ್ತು ಇಬ್ಬರು ಸಹೋದ್ಯೋಗಿಗಳು ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಿ ಅಂತ ಬರೆದುಕೊಟ್ಟರು. ಆಫ್ರಿಕಾದ ಸಾಹಿತ್ಯ ನಡುವೆ ಇರಲಿ, ಉಳಿದದ್ದು ಅದರ ಸುತ್ತ ಬರಲಿ ಎಂಬುದು ಅವರ ಬೇಡಿಕೆ. ಈ ಇತಿಹಾಸ ಗೊತ್ತಿದ್ದರೆ ನಿಮ್ಮ ಸಿಲೆಬಸ್ ಕೂಡ ಯಾರೋ ಆರಿಸಿದ ಪಟ್ಟಿ ಅಂತ ಕಾಣುತ್ತದೆ. ಇದರಲ್ಲಿ ಯಾರು ಇಲ್ಲ ಅಂತ ಕೇಳುವ ಧೈರ್ಯವೂ ಬರುತ್ತದೆ.

ದಿನನಿತ್ಯದ ಓದಿನ ಬಗ್ಗೆ ಒಂದೆರಡು ಮಾತು. ಒಂದೇ ವಾರಕ್ಕೆ ಒಂದು ದಪ್ಪ ಕಾದಂಬರಿ ಬರುವುದುಂಟು. ಮೊದಲ ಓದು ಕಥೆಗಾಗಿ, ಪೆನ್ಸಿಲ್ ಹಿಡಿಯದೆ. ಎರಡನೇ ಸಲ ಪೂರ್ತಿ ಬೇಡ. ಮೊದಲ ಅಧ್ಯಾಯ, ಕೊನೆಯ ಅಧ್ಯಾಯ, ನಿಮ್ಮನ್ನು ಕಾಡಿದ ನಾಲ್ಕೈದು ಪುಟ, ಇವನ್ನು ಪೆನ್ಸಿಲ್ ಹಿಡಿದು ಓದಿ. ರೆಡಿಮೇಡ್ ನೋಟ್ಸ್‌ನಿಂದ ಕಥೆ ಗೊತ್ತಾಗುತ್ತದೆ, ಪದಗಳು ಗೊತ್ತಾಗುವುದಿಲ್ಲ. ಪದಗಳಿಲ್ಲದೆ ಬರೆಯಲು ಏನೂ ಇಲ್ಲ. ವಿಮರ್ಶಕರನ್ನು ಓದುವ ಮೊದಲು ನಿಮ್ಮದೇ ಅನಿಸಿಕೆಯನ್ನು ಅರ್ಧ ಪುಟ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅವರ ಮಾತೇ ನಿಮ್ಮ ಮಾತು ಅನಿಸಿಬಿಡುತ್ತದೆ. ಯಾರ ವಿಚಾರ ತೆಗೆದುಕೊಂಡರೂ ಅವರ ಹೆಸರು ಹೇಳಿ. ಇಂಗ್ಲಿಷ್ ಮನೆಮಾತಲ್ಲ ಅಂತ ಹಿಂಜರಿಯುವವರಿಗೆ ಇನ್ನೊಂದು ಮಾತು. ಮನೆಮಾತಿನವರು ಸರಾಗವಾಗಿ ದಾಟಿಹೋಗುವ ಪದದ ಎದುರು ನೀವು ನಿಲ್ಲುತ್ತೀರಿ, ಅನುಮಾನಪಡುತ್ತೀರಿ, ನಿಘಂಟು ತೆಗೆಯುತ್ತೀರಿ. ಈ ಓದು ಕೇಳುವುದೂ ಅದನ್ನೇ ಅಲ್ವಾ?

ಕೆಲಸ ಸಿಗುತ್ತದಾ ಎಂಬ ಪ್ರಶ್ನೆ ನ್ಯಾಯವಾದದ್ದು. ಈ ಡಿಗ್ರಿ ಒಂದೇ ಒಂದು ಕೆಲಸದ ಬಾಗಿಲಿಗೆ ತಂದು ನಿಲ್ಲಿಸುವುದಿಲ್ಲ. ಇಲ್ಲಿ ಓದಿದವರು ಪಾಠ ಮಾಡುತ್ತಾರೆ, ಸಂಪಾದಕರಾಗುತ್ತಾರೆ, ಪತ್ರಿಕೆ, ಅನುವಾದ, ಕಾನೂನು, ಆಡಳಿತದ ಕಡೆ ಹೋಗುತ್ತಾರೆ. ದಾರಿಯನ್ನು ನೀವೇ ಹುಡುಕಿಕೊಳ್ಳಬೇಕು, ಮೊದಲ ವರ್ಷದಿಂದಲೇ ಯೋಚಿಸುವುದು ಒಳ್ಳೆಯದು.

ಕೊನೆಯ ವರ್ಷ ಬಹಳ ಕಡೆ ಒಂದು ದೀರ್ಘ ಪ್ರಬಂಧ ಇರುತ್ತದೆ. ವಿಷಯ ನಿಮ್ಮದೇ ಆಯ್ಕೆ. 'ಡಿಕನ್ಸ್ ಕಾದಂಬರಿಗಳಲ್ಲಿ ಸಮಾಜ' ಅಂತ ತೆಗೆದುಕೊಂಡು ಬಂದರೆ ಮಾರ್ಗದರ್ಶಕರು ಚಿಕ್ಕದು ಮಾಡಿ ಅನ್ನುತ್ತಾರೆ. ಎಷ್ಟು ಚಿಕ್ಕದು? ಒಂದು ಉದಾಹರಣೆ ಕೊಡುತ್ತೇನೆ. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' 1860–61ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಡಿಕನ್ಸ್ ಮೊದಲು ಬರೆದ ಮುಕ್ತಾಯದಲ್ಲಿ ಕಥಾನಾಯಕ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲಾ ಬೀದಿಯಲ್ಲಿ ಒಂದು ಕ್ಷಣ ಎದುರಾಗಿ ತಂತಮ್ಮ ದಾರಿ ಹಿಡಿಯುತ್ತಾರೆ. ಅಚ್ಚಿಗೆ ಹೋಗುವ ಮುಂಚೆ ಬುಲ್ವರ್ ಲಿಟನ್ ಎಂಬ ಗೆಳೆಯನ ಸಲಹೆ ಕೇಳಿ ಅದನ್ನು ಬದಲಾಯಿಸಿದ. ಹೊಸದರಲ್ಲಿ ಪಾಳುಬಿದ್ದ ತೋಟವೊಂದರಲ್ಲಿ ಇಬ್ಬರೂ ಸಿಗುತ್ತಾರೆ, ಕೈ ಹಿಡಿದು ಹೊರಬರುತ್ತಾರೆ. ಹಳೆಯ ಮುಕ್ತಾಯ ಓದುಗರ ಕೈಗೆ ಸಿಕ್ಕಿದ್ದು ಡಿಕನ್ಸ್ ತೀರಿಕೊಂಡ ಮೇಲೆ. ಹೊಸ ಮುಕ್ತಾಯದ ಕೊನೆಯ ಸಾಲೂ ಒಂದೇ ರೀತಿ ಉಳಿಯಲಿಲ್ಲ. ಮೊದಲ ಮುದ್ರಣದಲ್ಲಿ ಪಿಪ್ ಹೇಳುವ ಮಾತಿನ ಅರ್ಥ, ಅವಳಿಂದ ಅಗಲುವ ಯಾವ ನೆರಳೂ ಕಾಣಲಿಲ್ಲ ಎಂದು. ನಂತರದ ಮುದ್ರಣದಲ್ಲಿ, ಅವಳಿಂದ ಇನ್ನೊಮ್ಮೆ ಅಗಲುವ ನೆರಳು ಕಾಣಲಿಲ್ಲ ಎಂದು. ಹೊಸದಾಗಿ ಸೇರಿದ ಪದ 'ಅನದರ್', ಇನ್ನೊಂದು. ಅವರು ಜೊತೆಗೇ ಉಳಿದರು ಅಂತಲಾ? ಅಥವಾ ಮುಂದೆ ಬರಲಿದ್ದ ಅಗಲಿಕೆ ಆ ಕ್ಷಣ ಪಿಪ್‌ಗೆ ಕಾಣಲಿಲ್ಲ ಅಂತಲಾ? ಈ ಒಂದು ಪದ ಹಿಡಿದು ನಾಲ್ಕು ತಿಂಗಳು ಕೂರಬಹುದು.